ಮಾತ್ಸು ವರ್ಗವೋ, ತಾಚಿಬಾನಾ ವರ್ಗವೋ: ಮಾದರಿ ಹಡಗು ಕಟ್ಟುವವರಿಗೆ

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಸುತ್ತಮುತ್ತ ಹಲವು ಡಿಸ್ಟ್ರಾಯರ್‌ಗಳನ್ನು (ವೇಗದ ಯುದ್ಧನೌಕೆಗಳನ್ನು) ಕಳೆದುಕೊಂಡ ಜಪಾನಿನ ನೌಕಾಪಡೆಯು, ವೇಗಕ್ಕಿಂತ ಶೀಘ್ರ ನಿರ್ಮಾಣಕ್ಕೆ ಮಹತ್ವ ಕೊಟ್ಟು 1943ರಲ್ಲಿ ಮಾತ್ಸು ವರ್ಗದ ಬೆಂಗಾವಲು ಹಡಗುಗಳನ್ನು ಕಟ್ಟತೊಡಗಿತು; ಅದನ್ನೇ ಇನ್ನಷ್ಟು ಸರಳಗೊಳಿಸಿದ್ದು ತಾಚಿಬಾನಾ ವರ್ಗ. ಸುಮಾರು 100 ಮೀಟರ್ ಉದ್ದ, 28 ನಾಟ್‌ಗಳ ಆಸುಪಾಸಿನ ವೇಗ, ಮೂರು 127 ಮಿ.ಮೀ. ಫಿರಂಗಿಗಳು ಮತ್ತು ನಾಲ್ಕು ಟಾರ್ಪಿಡೊ ಕೊಳವೆಗಳು ಎರಡೂ ವರ್ಗಗಳಿಗೆ ಸಮಾನವಾದ್ದರಿಂದ, ಆಯ್ಕೆಯನ್ನು ಶಸ್ತ್ರಾಸ್ತ್ರಗಳು ನಿರ್ಧರಿಸುವುದಿಲ್ಲ.

ವ್ಯತ್ಯಾಸವಿರುವುದು ಒಡಲಿನಲ್ಲಿ. ತಾಚಿಬಾನಾದಲ್ಲಿ ಇಮ್ಮಡಿ ತಳವನ್ನು ಕೈಬಿಟ್ಟು, ದುಬಾರಿ ಉಕ್ಕಿನ ಬದಲು ಸಾಧಾರಣ ಉಕ್ಕನ್ನು ಬಳಸಿ, ಹಿಂಬದಿಯನ್ನು ಸಪಾಟಾಗಿಸಲಾಯಿತು. ನೇರ ರೇಖೆಗಳಿರುವ ಈ ಒಡಲು ಹೊಸಬರ ಕೈಗೆ ಸುಲಭ. ನೋಟಕ್ಕೆ ಮಾತ್ರ ಮಾತ್ಸುವೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇತಿಹಾಸವೂ ಮುಖ್ಯವೆನ್ನುವವರು ಮಾತ್ಸು ವರ್ಗದ 'ತಾಕೆ'ಯನ್ನು ಗಮನಿಸಬೇಕು. 1944ರ ಡಿಸೆಂಬರ್ 2–3ರ ರಾತ್ರಿ ಫಿಲಿಪ್ಪೀನ್ಸ್‌ನ ಓರ್ಮಾಕ್ ಕೊಲ್ಲಿಯಲ್ಲಿ ಸಂಗಾತಿ 'ಕುವಾ' ಮುಳುಗಿದರೂ, ತಾಕೆಯ ಟಾರ್ಪಿಡೊ ಅಮೆರಿಕದ 'ಕೂಪರ್' ಡಿಸ್ಟ್ರಾಯರನ್ನು ಮುಳುಗಿಸಿತು. ಬಾಯ್ಲರ್ ಮತ್ತು ಎಂಜಿನ್ ಕೋಣೆಗಳನ್ನು ಪರ್ಯಾಯವಾಗಿ (ಬಾಯ್ಲರ್, ಎಂಜಿನ್, ಮತ್ತೆ ಬಾಯ್ಲರ್, ಎಂಜಿನ್) ಜೋಡಿಸಿದ್ದರಿಂದ, ಹಾನಿಗೊಂಡ ತಾಕೆ ಒಂದೇ ಎಂಜಿನ್ನಿನ ಬಲದಿಂದ ಮರಳಲು ಸಾಧ್ಯವಾಯಿತು.

ತಾಚಿಬಾನಾ ವರ್ಗದ 'ನಾಶಿ'ಯದು ಇನ್ನೂ ವಿಚಿತ್ರ: 1945ರ ಜುಲೈನಲ್ಲಿ ವಿಮಾನದಾಳಿಗೆ ಮುಳುಗಿದ ಅದನ್ನು ಯುದ್ಧಾನಂತರ ಮೇಲೆತ್ತಿ, 1956ರಲ್ಲಿ 'ವಕಾಬಾ' ಎಂಬ ಹೆಸರಿನಿಂದ ಜಪಾನಿನ ಸಾಗರ ಸ್ವರಕ್ಷಣಾ ಪಡೆಗೆ (ಯುದ್ಧಾನಂತರದ ನೌಕಾಪಡೆಗೆ) ಸೇರಿಸಲಾಯಿತು. ಒಂದೇ ಒಡಲಿನ ಎರಡು ಕಾಲದ ರೂಪಗಳನ್ನು ಜೋಡಿಯಾಗಿ ಕಟ್ಟಬಯಸುವವರಿಗೆ ನಾಶಿಯೇ ಸೂಕ್ತ; ಒಂದೇ ಮಾದರಿ ಸಾಕೆನ್ನುವವರು ತಾಕೆಯನ್ನು ಆರಿಸಲಿ.