ವಿಯೆನ್ನಾದಲ್ಲಿ ಮೂರು ರಾತ್ರಿ: ಊರ ನಡುವಿನ ಹೋಟೆಲ್‌ಗೆ ಜಾಸ್ತಿ ಕೊಟ್ಟಿದ್ದು ವಸೂಲಾಯಿತಾ?

ಮೇ ತಿಂಗಳಲ್ಲಿ ಬಳ್ಳಾರಿಯಿಂದ ಅಪ್ಪ, ಅವ್ವನನ್ನು ಕರಕೊಂಡು ವಿಯೆನ್ನಾಕ್ಕೆ ಹೋಗಿದ್ದೆ. ಇದ್ದದ್ದು ಮೂರೇ ರಾತ್ರಿ. ಅಪ್ಪನಿಗೆ 71, ಮೊಣಕಾಲು ನೋವು ಬೇರೆ. ಊರ ಹೊರಗಿನ ಹೋಟೆಲ್‌ನಲ್ಲಿ ಮೂವರ ರೂಮಿಗೆ ರಾತ್ರಿಗೆ 130 ಯೂರೋ, ಊರ ನಡುವಿನ ಸೇಂಟ್ ಸ್ಟೀಫನ್ ಚರ್ಚ್ ಹಿಂದಿನ ಓಣಿಯಲ್ಲಿ 210. "ಬರೀ ಮಲಗಾಕ ಅಷ್ಟ್ಯಾಕ ಕೊಡ್ತೀಯಪ್ಪಾ?" ಅಂತ ಅಪ್ಪ ಒಂದು ವಾರ ಕೇಳಿದರು. ನಾನು 210ರದ್ದನ್ನೇ ಬುಕ್ ಮಾಡಿದೆ.

ಯಾಕಂದ್ರೆ ನಾಲ್ಕು ವರ್ಷದ ಹಿಂದೆ ಅದೇ ಊರಲ್ಲಿ ಹೊರಗಡೆ ಉಳಿದು ನೋಡಿದ್ದೆ. "ಸೆಂಟರ್‌ಗೆ 20 ನಿಮಿಷ" ಅಂತ ಬರೆದಿದ್ದರು, ಆದರೆ ಅದು ಮೆಟ್ರೋದಲ್ಲಿ ಕೂತ ಮೇಲಿನ ಲೆಕ್ಕ, ಬಸ್ಸಿಗೆ ಕಾಯೋದು, ಇಳಿದು ಬದಲಿಸೋದು, ನಡೆಯೋದು ಎಲ್ಲ ಸೇರಿದರೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಬೆಳಗ್ಗೆ ಬಿಟ್ಟರೆ ಮತ್ತೆ ರೂಮು ಕಾಣುತ್ತಿದ್ದದ್ದು ರಾತ್ರಿಯೇ.

ಈ ಸಲ ದುಡ್ಡು ವಸೂಲಾಗಿದ್ದು ಮಧ್ಯಾಹ್ನದ ಹೊತ್ತಿಗೆ. ಬೆಳಗ್ಗೆ ಒಂದು ಅರಮನೆ ನೋಡಿ, ಹನ್ನೆರಡೂವರೆಗೆ ನಡಕೊಂಡೇ ರೂಮಿಗೆ ವಾಪಸ್. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಗಂಟೆ ನಿದ್ದೆ. ನಾಲ್ಕಕ್ಕೆ ಇಬ್ಬರೂ ಮುಖ ತೊಳಕೊಂಡು ಮತ್ತೆ ತಯಾರು. ಬಾತ್‌ರೂಮಿಗಾಗಿ ಹುಡುಕಾಡುವ ಕಷ್ಟವೂ ಇಲ್ಲ. ವಯಸ್ಸಾದವರ ಜೊತೆ ಹೋದವರಿಗೆ ಇದರ ಬೆಲೆ ಗೊತ್ತು, ಅಲ್ವಾ? ಇನ್ನು ನಳದ ನೀರು. ಆಲ್ಪ್ಸ್ ಬೆಟ್ಟದ ಒರತೆ ನೀರನ್ನು 1873ರಿಂದ ಪೈಪಿನಲ್ಲಿ ಊರಿಗೆ ತರುತ್ತಿದ್ದಾರೆ, ನೇರವಾಗಿ ಕುಡಿಯಬಹುದು. ಮೊದಲ ದಿನ ಅವ್ವ ಒಪ್ಪಲಿಲ್ಲ. ಎರಡನೇ ದಿನದಿಂದ ರೂಮಿನಲ್ಲೇ ಬಾಟಲಿ ತುಂಬಿಸಿಕೊಂಡು ಹೊರಡುತ್ತಿದ್ದರು.

ವಿಳಾಸ ನೋಡುವಾಗ ಒಂದು ಸುಲಭದ ದಾರಿ ಇದೆ. ವಿಯೆನ್ನಾದಲ್ಲಿ 23 ವಾರ್ಡುಗಳು. ಪಿನ್‌ಕೋಡಿನ ನಡುವಿನ ಎರಡು ಅಂಕಿಯೇ ವಾರ್ಡ್ ನಂಬರ್. 1010 ಅಂದ್ರೆ ಒಂದನೇ ವಾರ್ಡ್, ಹಳೇ ಊರು. 1070 ಏಳನೇದು. 1220 ಅಂದ್ರೆ ಡ್ಯಾನ್ಯೂಬ್ ನದಿ ದಾಟಿ ಆಚೆ. ಇನ್ನೊಂದು, ಅಲ್ಲಿ "ರಿಂಗ್" ಅಂದ್ರೆ ನಮ್ಮ ಬೈಪಾಸ್ ಥರ ಊರ ಹೊರಗಿನ ರಸ್ತೆ ಅಲ್ಲ. ಹಳೇ ಕೋಟೆ ಗೋಡೆ ಕೆಡವಿ ಮಾಡಿದ್ದು, 1865ರಲ್ಲಿ ಓಡಾಟಕ್ಕೆ ತೆರೆದರು, ಊರಿನ ನಡುಭಾಗವನ್ನೇ ಸುತ್ತುತ್ತದೆ. ಹೆಸರು ನೋಡಿ ದೂರ ಅಂತ ಬಿಡಬೇಡಿ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಒಂದು ರಾತ್ರಿ, ವಿಮಾನದಲ್ಲಿ ಇನ್ನೊಂದು ರಾತ್ರಿ ಕಳೆದು ಸುಸ್ತಾಗಿ ಇಳಿದಿದ್ದೆವು. ಏರ್‌ಪೋರ್ಟಿನಿಂದ ಮುಖ್ಯ ರೈಲ್ವೆ ಸ್ಟೇಷನ್‌ಗೆ ರೈಲಿನಲ್ಲಿ ಸುಮಾರು 15 ನಿಮಿಷ, ಅಲ್ಲಿಂದ ಯು1 ಮೆಟ್ರೋ ಹತ್ತಿದರೆ ಮೂರನೇ ಸ್ಟಾಪೇ ಚರ್ಚ್. ಟ್ಯಾಕ್ಸಿ ಬೇಕಾಗಲಿಲ್ಲ.

ಹೋಟೆಲ್ ಹೆಸರು ಹಾಕುತ್ತಿಲ್ಲ, ಕೊರತೆಗಳೂ ಇದ್ದವು. ಲಿಫ್ಟ್ ಇದೆ ಅಂತ ಬರೆದಿದ್ದರು, ಆದರೆ ಬೀದಿಯಿಂದ ಲಿಫ್ಟಿನವರೆಗೆ ಎಂಟು ಮೆಟ್ಟಿಲು. ಆ ಊರಿನ ಹಳೇ ಕಟ್ಟಡಗಳಲ್ಲಿ ನೆಲಮಹಡಿಗೂ ಮೊದಲ ಮಹಡಿಗೂ ನಡುವೆ ಮೆಜಾನಿನ್ ಅಂತ ಇನ್ನೊಂದು ಮಹಡಿ ಇರುತ್ತದೆ, ಹಾಗಾಗಿ ಅವರ ಎರಡನೇ ಮಹಡಿ ನಮ್ಮ ಲೆಕ್ಕಕ್ಕೆ ಮೂರನೇದು. ರೂಮು ಚಿಕ್ಕದು, ಮೂರು ಸೂಟ್‌ಕೇಸ್ ಇಟ್ಟರೆ ಓಡಾಡಲು ಜಾಗ ಇಲ್ಲ. ಏಸಿ ಇಲ್ಲ, ಫ್ಯಾನೂ ಇಲ್ಲ. ಮೇ ತಿಂಗಳಲ್ಲಿ ನಡೆಯಿತು, ಜುಲೈಯಲ್ಲಿ ಹೋಗೋರು ಕೇಳಿಯೇ ಬುಕ್ ಮಾಡಿ. ಮೆಟ್ಟಿಲು ಎಷ್ಟು ಅಂತಲೂ ಮೇಲ್ ಹಾಕಿ ಕೇಳಿ. ಭಾನುವಾರ ಸೂಪರ್‌ಮಾರ್ಕೆಟ್‌ಗಳು ಮುಚ್ಚಿರುತ್ತವೆ, ದೊಡ್ಡ ಸ್ಟೇಷನ್‌ಗಳಲ್ಲಿ ಇರುವವು ಮಾತ್ರ ತೆರೆದಿರುತ್ತವೆ. ಹಾಲು, ಮೊಸರು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಿ.

ಒಂದು ವಾರ ಇರುವವರಾದರೆ ಮೆಟ್ರೋ ಸ್ಟೇಷನ್ ಪಕ್ಕದ ಏಳನೇ ವಾರ್ಡ್ ಸಾಕು. ಮೂರು ದಿನಕ್ಕೆ, ಹಿರಿಯರ ಜೊತೆ ಅಂದ್ರೆ 1010 ಬಿಟ್ಟು ಬೇರೆ ನೋಡಬೇಡಿ. ನನ್ನ ಕಡೆಯಿಂದ ಐದಕ್ಕೆ ನಾಲ್ಕು.

ಎರಡನೇ ದಿನ ಸಂಜೆ ನನಗೆ ತಲೆನೋವು, ರೂಮಿನಲ್ಲೇ ಮಲಗಿದ್ದೆ. ಅಪ್ಪ, ಅವ್ವ ಇಬ್ಬರೇ ಗ್ರಾಬೆನ್ ಬೀದಿಗೆ ಹೋಗಿ, 1679ರ ಪ್ಲೇಗ್ ನೆನಪಿಗೆ ನಿಲ್ಲಿಸಿದ ಕಂಬ ನೋಡಿ, ಐಸ್‌ಕ್ರೀಮ್ ತಿಂದು ಒಂಬತ್ತಕ್ಕೆ ಬಂದರು. ಭಾಷೆ ಬರಲ್ಲ, ಫೋನಿನಲ್ಲಿ ಮ್ಯಾಪ್ ನೋಡೋದೂ ಬರಲ್ಲ. ದಾರಿ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಆ ಚರ್ಚಿನ ಗೋಪುರ ಎಲ್ಲಿಂದಾದ್ರೂ ಕಾಣ್ತತಿ, ನಮ್ಮೂರಾಗ ಗುಡ್ಡ ನೋಡಿಕೆಂತ ಮನಿಗೆ ಬರಲ್ಲೇನು, ಹಂಗ ಬಂದ್ವಿ" ಅಂದರು ಅಪ್ಪ.