ಸವೆದ ಏಳಿಂಚಿನ ಚಕ್ರವನ್ನು ನಾಲ್ಕಿಂಚಿನ ಗ್ರೈಂಡರಿಗೆ ಹಾಕಬೇಡಿ

ಉಡುಪಿ ಜಿಲ್ಲೆಯಲ್ಲಿ ಗೇಟು, ಗ್ರಿಲ್ಲು, ಶೀಟಿನ ಮಾಡು ಮಾಡಿಕೊಡುವ ಸಣ್ಣದೊಂದು ಫ್ಯಾಬ್ರಿಕೇಶನ್ ಶೆಡ್ಡನ್ನು ನಾನು ಹದಿನಾಲ್ಕು ವರ್ಷಗಳಿಂದ ನಡೆಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನನ್ನ ಕೈಯಲ್ಲಿದ್ದ, ಚಕ್ರ ತಿರುಗಿಸಿ ಕಬ್ಬಿಣ ಕತ್ತರಿಸುವ ಆ್ಯಂಗಲ್ ಗ್ರೈಂಡರಿನ ಚಕ್ರ ಒಡೆದು, ಪೈಪು ಹಿಡಿದುಕೊಂಡು ಎದುರಿಗೆ ನಿಂತಿದ್ದ ಸಹಾಯಕನ ಕೆನ್ನೆಯನ್ನು ಸೀಳಿತು. ತಪ್ಪು ಮೆಷಿನ್ನಿನದಲ್ಲ, ಚಕ್ರ ತಯಾರಿಸಿದವರದೂ ಅಲ್ಲ, ನನ್ನದು. ಇದೇ ಕೆಲಸವನ್ನು ಇದೇ ರೀತಿಯಲ್ಲಿ ಮಾಡುವ ಎಷ್ಟೋ ಶೆಡ್ಡುಗಳನ್ನು ಕಂಡಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಅಂದು, ಗೇಟಿಗೆ ಬೆಸುಗೆ ಹಾಕಿಯಾಗಿದ್ದ ಮೂರಿಂಚಿನ ಚೌಕ ಪೈಪಿನ ತುದಿಯನ್ನು ತುಂಡರಿಸಬೇಕಿತ್ತು. ನಾಲ್ಕಿಂಚಿನ ಚಕ್ರ ಒಂದಿಂಚಿನ ಆಸುಪಾಸಿಗಿಂತ ಆಳಕ್ಕೆ ಇಳಿಯುವುದಿಲ್ಲ, ಮತ್ತು ಗೇಟಿಗೆ ಕೂಡಿಹೋಗಿದ್ದ ಪೈಪನ್ನು ತಿರುಗಿಸಿ ನಾಲ್ಕು ಬದಿಯಿಂದ ಕತ್ತರಿಸಲು ಜಾಗವಿರಲಿಲ್ಲ. ಏಳಿಂಚಿನ ಮೆಷಿನ್ ಬೇರೆ ಸೈಟಿಗೆ ಹೋಗಿತ್ತು. ಹಾಗಾಗಿ, ಆ ದೊಡ್ಡ ಮೆಷಿನ್ನಿನಲ್ಲಿ ಸವೆದು ಐದಿಂಚಿಗೆ ಇಳಿದಿದ್ದ ಹಳೆಯ ಕಟಿಂಗ್ ವೀಲೊಂದನ್ನು ಮೂಲೆಯಿಂದ ಎತ್ತಿಕೊಂಡೆ. ಚೂರು, ಕಿಡಿ ತಡೆಯಲು ಚಕ್ರದ ಸುತ್ತ ಇರುವ ಗಾರ್ಡಿಗೆ ತಾಗಿತು, ಗಾರ್ಡನ್ನು ಬಿಚ್ಚಿಟ್ಟೆ. ಚಕ್ರದ ತೂತು 22 ಮಿಲಿಮೀಟರ್, ಸಣ್ಣ ಮೆಷಿನ್ನಿನಲ್ಲಿ ಅದು ಕೂರಬೇಕಾದ ಜಾಗ 16 ಮಿಲಿಮೀಟರ್. ನಡುವಿನ ಸಂದಿಗೆ ತಗಡಿನ ಪಟ್ಟಿ ಸುತ್ತಿ ನಟ್ ಬಿಗಿದೆ. ನಮ್ಮ ಕಸುಬಿನಲ್ಲಿ ಇದನ್ನು ‘ಅಡ್ಜಸ್ಟ್ ಮಾಡುವುದು’ ಎನ್ನುತ್ತಾರೆ.

ಲೆಕ್ಕವನ್ನು ನಾನು ಹಾಕಿದ್ದು ಆಮೇಲೆ. ಏಳಿಂಚಿನ ಚಕ್ರದ ಮೇಲೆ ಸಾಮಾನ್ಯವಾಗಿ ನಿಮಿಷಕ್ಕೆ 8,500 ಸುತ್ತು ಎಂಬ ಮಿತಿ ಅಚ್ಚಾಗಿರುತ್ತದೆ. ನನ್ನ ಸಣ್ಣ ಮೆಷಿನ್ ತಿರುಗುವುದು 11,000 ಸುತ್ತು. ಹೊಸ ಚಕ್ರವನ್ನೇ ಹಾಕಿದ್ದರೆ ಅದರ ಅಂಚು, ಮಿತಿಯಾದ ಸೆಕೆಂಡಿಗೆ 80 ಮೀಟರನ್ನು ದಾಟಿ 103 ಮೀಟರಿಗೆ ಏರುತ್ತಿತ್ತು. ಒಳಗಿನ ಸೆಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಚಕ್ರದ ಮೇಲಿನ ಹೊರೆ ಒಂದೂಮುಕ್ಕಾಲು ಪಟ್ಟಿನ ಹತ್ತಿರ ಬರುತ್ತಿತ್ತು. ‘ಸವೆದು ಸಣ್ಣದಾಗಿದೆಯಲ್ಲ, ಅಂಚಿನ ವೇಗ 72 ಮೀಟರಿಗೆ ಇಳಿಯುತ್ತದೆ’ ಎಂದು ವಾದಿಸುವವರಿದ್ದಾರೆ, ಮತ್ತು ಆ ಲೆಕ್ಕ ತಪ್ಪಲ್ಲ. ಆದರೆ ತಗಡು ಸುತ್ತಿದ ಚಕ್ರ ನಡುವಿಗೆ ಸರಿಯಾಗಿ ಕೂರುವುದಿಲ್ಲ, ಚಕ್ರವನ್ನು ಒತ್ತಿ ಹಿಡಿಯುವ ಬಿಲ್ಲೆಯ, ಅಂದರೆ ಸಣ್ಣ ಮೆಷಿನ್ನಿನ ಫ್ಲೇಂಜಿನ, ಹಿಡಿತ ಅದಕ್ಕೆ ಸಾಲುವುದಿಲ್ಲ, ಒಂದೆರಡು ಬಾರಿ ಬಿದ್ದು ಪೆಟ್ಟು ತಿಂದಿದ್ದರೂ ಗೊತ್ತಾಗುವುದಿಲ್ಲ. ಅದಲ್ಲದೆ ನನ್ನ ಚಕ್ರ ಜೂನ್ ತಿಂಗಳಿಡೀ ಒದ್ದೆ ನೆಲದ ಮೇಲೆ ಬಿದ್ದಿತ್ತು. ಈ ಚಕ್ರಗಳ ಕಣಗಳನ್ನು ಹಿಡಿದಿಡುವುದು ರಾಳದ ಅಂಟು, ಅದು ತೇವಕ್ಕೆ ಬಲ ಕಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಮಳೆಯಲ್ಲಿ ಅಕ್ಕಿಯ ಡಬ್ಬಿಯನ್ನು ನೋಡಿಕೊಳ್ಳುವಷ್ಟು ಜಾಗ್ರತೆಯಿಂದಲೂ ನಾವು ಚಕ್ರಗಳನ್ನು ಇಡುವುದಿಲ್ಲ.

ಸ್ವಿಚ್ ಹಾಕಿದ ಕೂಡಲೇ ಹಿಡಿಕೆಯಲ್ಲಿ ನಡುಕ ಕಾಣಿಸಿತು. ಅಲ್ಲಿಯೇ ನಿಲ್ಲಿಸಬಹುದಿತ್ತು. ಮುಕ್ಕಾಲು ಭಾಗ ಕತ್ತರಿಸಿದ ಮೇಲೆ ಪೈಪಿನ ತುದಿ ತನ್ನ ಭಾರಕ್ಕೇ ಬಾಗಿ, ಕತ್ತರಿಸಿದ ಸೀಳು ಮುಚ್ಚಿಕೊಂಡು ಚಕ್ರವನ್ನು ಕಚ್ಚಿತು. ಟಪ್ ಎಂಬ ಒಂದೇ ಸದ್ದು. ಮೆಷಿನ್ ನನ್ನ ಎದೆಯ ಕಡೆಗೆ ಒದೆಯಿತು. ನಟ್ಟಿನ ಸುತ್ತ ಹಪ್ಪಳದ ಚೂರಿನಷ್ಟು ಮಾತ್ರ ಉಳಿದಿತ್ತು. ಉಳಿದದ್ದರಲ್ಲಿ ಒಂದು ತುಂಡು ಫೈಬರ್ ಶೀಟಿನಲ್ಲಿ ತೂತು ಮಾಡಿ ಹೊರಗೆ ಹೋಗಿತ್ತು, ಇನ್ನೊಂದು ಹುಡುಗನಿಗೆ ಬಡಿದಿತ್ತು. ಅವನು ತನ್ನ ಹೆಗಲ ಬೈರಾಸನ್ನೇ ಮುಖಕ್ಕೆ ಒತ್ತಿ ಹಿಡಿದು ನೆಲದ ಮೇಲೆ ಕುಳಿತಿದ್ದ. ಸೆಕೆಂಡಿಗೆ 72 ಮೀಟರ್ ಎಂದರೆ ಗಂಟೆಗೆ ಸುಮಾರು 260 ಕಿಲೋಮೀಟರ್.

ಕೆನ್ನೆಗೆ ಹನ್ನೊಂದು ಹೊಲಿಗೆ ಬಿತ್ತು. ಕಣ್ಣು ಉರಿಯುತ್ತಿದೆ ಎಂದು ಅವನು ಹೇಳಿದ್ದನ್ನು ಆ ಗಡಿಬಿಡಿಯಲ್ಲಿ ಯಾರೂ ಲಕ್ಷಿಸಲಿಲ್ಲ. ಮೂರನೆಯ ದಿನ ಕಣ್ಣಿನ ವೈದ್ಯರು ನೋಡಿದಾಗ ಕರಿಗುಡ್ಡೆಯ ಮೇಲೆ ಕಬ್ಬಿಣದ ಕಣವೊಂದು ಕೂತು, ಅದರ ಸುತ್ತ ತುಕ್ಕಿನ ಉಂಗುರ ಕಟ್ಟಿತ್ತು. ಕಣ ತೆಗೆದು, ತುಕ್ಕನ್ನು ಕೆರೆದು ತೆಗೆದರು. ಕಲೆ ಉಳಿದಿದೆ, ರಾತ್ರಿ ಎದುರಿನ ವಾಹನದ ದೀಪ ಚೆದುರಿದಂತೆ ಕಾಣುತ್ತದೆ ಎನ್ನುತ್ತಾನೆ. ನನ್ನ ಕಣ್ಣಿಗೆ ಏನೂ ಆಗಲಿಲ್ಲ, ಏಕೆಂದರೆ ನಾನು ಕನ್ನಡಕ ಹಾಕಿದ್ದೆ. ಶೆಡ್ಡಿನಲ್ಲಿ ಇದ್ದದ್ದು ಒಂದೇ ಜೋಡಿ. ಅದು ಮಾಲೀಕನ ಮುಖದ ಮೇಲಿತ್ತು.

ರಕ್ಷಣೆಯ ಸಾಮಗ್ರಿ ಎಂದ ಕೂಡಲೇ ಎಲ್ಲರೂ ಕನ್ನಡಕ, ಕೈಗವಸಿನಿಂದ ಶುರು ಮಾಡುತ್ತಾರೆ. ನನ್ನ ಅನುಭವದಲ್ಲಿ ಅದು ಕೊನೆಯ ಸಾಲು. ಈಗ ಮೆಷಿನ್ ಎತ್ತುವ ಮೊದಲು ನಾನು ನೋಡುವುದು ಈ ಚಕ್ರ ಈಗಲೇ ಒಡೆದರೆ ಚೂರು ಯಾವ ಕಡೆಗೆ ಹಾರುತ್ತದೆ, ಆ ಗೆರೆಯಲ್ಲಿ ಯಾರಿದ್ದಾರೆ ಎಂಬುದನ್ನು. ಪೈಪನ್ನು ಮನುಷ್ಯ ಹಿಡಿಯುವುದಿಲ್ಲ, ವೈಸ್ ಅಥವಾ ಕ್ಲಾಂಪ್ ಹಿಡಿಯುತ್ತದೆ. ತುಂಡಾಗುವ ತುದಿಗೆ ಕೆಳಗಿನಿಂದ ಆಧಾರವಿದ್ದರೂ ಸೀಳು ಮುಚ್ಚಿಕೊಳ್ಳದೆ ತೆರೆದುಕೊಳ್ಳುವಂತೆ ಇರಿಸುತ್ತೇವೆ. ಗಾರ್ಡ್ ಇಲ್ಲದ ಮೆಷಿನ್ನಿಗೆ ಕರೆಂಟು ಕೊಡುವುದಿಲ್ಲ. ಚಕ್ರದ ನಡುವಿನ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಅಚ್ಚಾಗಿರುವುದುಂಟು. ನಾನು ಅದನ್ನು ಓದಲು ಕಲಿತದ್ದೇ ಈ ಘಟನೆಯ ನಂತರ. ಹೊಸ ಚಕ್ರ ಹಾಕಿದಾಗ ಯಾರೂ ಅದರ ನೇರದಲ್ಲಿ ನಿಲ್ಲದಂತೆ ನೋಡಿಕೊಂಡು ಒಂದು ನಿಮಿಷ ಖಾಲಿ ಓಡಿಸುತ್ತೇವೆ. ಕತ್ತರಿಸುವ ತೆಳು ಚಕ್ರದ ಬದಿಯಿಂದ ಬೆಸುಗೆ ಉಜ್ಜುವ ಚಾಳಿ ನಮ್ಮಲ್ಲಿ ಎಲ್ಲರಿಗೂ ಇತ್ತು. ಅದನ್ನು ಬಿಡಿಸುವುದೇ ನನಗೆ ಹೆಚ್ಚು ಕಷ್ಟವಾಯಿತು.

ಇಷ್ಟಾದ ಮೇಲೆ ಮೈಮೇಲಿನ ಸಾಮಗ್ರಿ. ಪಾಲಿಕಾರ್ಬೊನೇಟಿನ ಫೇಸ್ ಶೀಲ್ಡ್, ಅದರ ಒಳಗೆ ಕನ್ನಡಕ, ಎರಡೂ ಬೇಕು. ಶೀಲ್ಡಿನ ಕೆಳಗಿನಿಂದ ನುಗ್ಗುವ ಕಿಡಿಯನ್ನು ಕನ್ನಡಕ ತಡೆಯುತ್ತದೆ, ಕನ್ನಡಕ ಮುಚ್ಚದ ಕೆನ್ನೆಯನ್ನು ಶೀಲ್ಡ್ ಕಾಯುತ್ತದೆ. ರಸ್ತೆ ಬದಿಯ ಕೂಲಿಂಗ್ ಗ್ಲಾಸ್ ಲೆಕ್ಕಕ್ಕಿಲ್ಲ. ಕಿವಿಗೆ ಪ್ಲಗ್, ಕೈಗೆ ಬಿಗಿಯಾದ ಚರ್ಮದ ಗವಸು. ನೂಲಿನ ಸಡಿಲ ಗವಸು, ಲುಂಗಿ, ಹೆಗಲ ಬೈರಾಸು ಚಕ್ರದ ಹತ್ತಿರ ಬರಬಾರದು.

ಪ್ರತಿ ಸಾಣೆ (ಗ್ರೈಂಡಿಂಗ್) ಯಂತ್ರದ ಬಳಿ ಚಕ್ರದ ಗರಿಷ್ಠ ಸುರಕ್ಷಿತ ವೇಗವನ್ನು ಬರೆದು ಹಾಕಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 30ನೇ ಕಲಮು ಹೇಳಿತ್ತು. ವಿದ್ಯುತ್ತಿದ್ದರೂ ಹತ್ತು ಜನರಿಗಿಂತ ಕಡಿಮೆ ಇರುವ ಶೆಡ್ಡುಗಳು ಆ ಕಾಯ್ದೆಯ ಕಾರ್ಖಾನೆಯ ವ್ಯಾಖ್ಯೆಗೆ ಬರುತ್ತಿರಲಿಲ್ಲ, ನಮ್ಮದೂ ಅಂಥದ್ದೇ. ಹಾಗಾಗಿ ಬರೆಯಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಈಗ ಮೂರು ಮೆಷಿನ್ನುಗಳ ಮೇಲೂ ಬಿಳಿ ಪೇಂಟಿನಲ್ಲಿ ಬರೆದಿದ್ದೇನೆ.

ಸವೆದ ಏಳಿಂಚಿನ ಚಕ್ರಗಳನ್ನು ಸುತ್ತಿಗೆಯಿಂದ ಒಡೆದು ಎಸೆಯುತ್ತೇವೆ. ಪಕ್ಕದ ಶೆಡ್ಡಿನವರು, ‘ಹಾಳು ಮಾಡುವ ಬದಲು ನಮಗಾದರೂ ಕೊಡಿ, ಸಣ್ಣ ಮೆಷಿನ್ನಿಗೆ ಆಗುತ್ತದೆ’ ಎಂದು ಎರಡು ಸಲ ಕೇಳಿದರು. ನಾನು ಕೊಟ್ಟಿಲ್ಲ.