ಸಂಶೋಧನೆಗೆ ಜಾರ್ಜಿಯಾನಾ, ಉಕ್ರೇನಾ?

ಸೋವಿಯತ್ ಒಕ್ಕೂಟ ಒಡೆದ ಮೇಲಿನ ಆಡಳಿತ, ಜನರ ಹೋರಾಟ ನಿಮ್ಮ ಸಂಶೋಧನೆಯ ವಿಷಯವೇ? ಈ ಎರಡು ದೇಶಗಳನ್ನು ಮೊದಲು ನೋಡಿ.

ಜಾರ್ಜಿಯಾದಲ್ಲಿ 2003ರ ಗುಲಾಬಿ ಕ್ರಾಂತಿ ಎಂಬ ಜನರ ಹೋರಾಟ ಅಧ್ಯಕ್ಷ ಶೆವರ್ಡ್ನಾಡ್ಜೆ ಅವರನ್ನು ಇಳಿಸಿತು. ಆಮೇಲಿನ ಸುಧಾರಣೆ ನಡೆದದ್ದು ಮೇಲಿನಿಂದ. ಲಂಚಕ್ಕೆ ಹೆಸರಾಗಿದ್ದ ಟ್ರಾಫಿಕ್ ಪೊಲೀಸರನ್ನು ಹೊಸ ಸರ್ಕಾರ ಒಟ್ಟಿಗೇ ಮನೆಗೆ ಕಳಿಸಿತು.

ಉಕ್ರೇನ್ ದಾರಿ ಬೇರೆ. 2013–14ರಲ್ಲಿ ಸರ್ಕಾರದ ವಿರುದ್ಧ ನಡೆದ ಮೈದಾನ್ ಹೋರಾಟ ಮುಗಿದರೂ ಕಾರ್ಯಕರ್ತರು ಸುಮ್ನೆ ಕೂರಲಿಲ್ಲ. ಸರ್ಕಾರಿ ಟೆಂಡರ್‌ಗಳನ್ನು ಎಲ್ಲರೂ ನೋಡುವಂತೆ ಆನ್‌ಲೈನ್‌ಗೆ ತಂದ ಪ್ರೊಜೊರೊ ವ್ಯವಸ್ಥೆ ಕಟ್ಟುವುದರಲ್ಲಿ ಅವರ ಪಾಲು ದೊಡ್ಡದು. 2016ರಲ್ಲಿ ಅದು ಕಡ್ಡಾಯವಾಯಿತು. ಟೆಂಡರ್ ಬಗ್ಗೆ ಅನುಮಾನ ಬಂದರೆ ಜನರೇ ದೂರಲು ಡೊಜೊರೊ ವೇದಿಕೆಯೂ ಬಂತು.

ಸರ್ಕಾರದ ಛಲವನ್ನು ಅಳೆಯಲು ಜಾರ್ಜಿಯಾ ಸಾಕು. ಜನರ ಕಾವಲಿನ ಬಗ್ಗೆ ಬರೆಯುವುದಾದರೆ ಉಕ್ರೇನ್, ನನ್ನ ಆಯ್ಕೆಯೂ ಅದೇ. ಯುದ್ಧದಿಂದಾಗಿ ಅಲ್ಲಿಗೆ ಹೋಗುವುದು ಕಷ್ಟ, ನಿಜ. ಆದರೆ ಟೆಂಡರ್ ದಾಖಲೆಗಳನ್ನು ಇಲ್ಲಿಂದಲೇ ಓದಬಹುದು ಅಲ್ವಾ?